ದೋಣಿ ಹತ್ತೋಕೆ ಅವಸರ: ಡಾಂಟೆಯ ನರಕದಲ್ಲಿ ಪಾಪ ಅಂದ್ರೇನು

(ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರ್ದಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕೋನಿದ್ದಾಗ ಜಾತ್ರೇಲಿ ದೇವರ ಫೋಟೋ ಮಾರೋರ ಹತ್ರ ಒಂದು ನರಕದ ಪಟ ಇರ್ತಿತ್ತು, ನಿಮ್ಮಲ್ಲಿ ಕೆಲವರು ನೋಡಿರ್ತೀರಿ, ಚೌಕ ಚೌಕವಾಗಿ ಚಿತ್ರ, ಒಂದರಲ್ಲಿ ಸುಳ್ಳು ಹೇಳಿದೋನ ನಾಲಿಗೆ ಕೀಳ್ತಿರೋದು, ಇನ್ನೊಂದರಲ್ಲಿ ತೂಕದಲ್ಲಿ ಮೋಸ ಮಾಡಿದೋನನ್ನ ಗರಗಸದಲ್ಲಿ ಕುಯ್ತಿರೋದು, ಮತ್ತೊಂದು ಕಡೆ ಎಣ್ಣೆ ಕೊಪ್ಪರಿಗೆ. ರಾತ್ರಿ ನಿದ್ದೆ ಬರ್ತಿರಲಿಲ್ಲ ಅದನ್ನ ನೋಡಿ. ಆ ಪಟದಲ್ಲಿ ಎಲ್ಲಾ ಚೌಕದಲ್ಲೂ ಒಂದು ವಿಷಯ ಇದ್ದೇ ಇರ್ತಿತ್ತು, ಯಾರೋ ಎಳೀತಿದಾರೆ. ಕೊಂಬಿರೋ ಯಮದೂತ ಒಬ್ಬ ಹಗ್ಗ ಹಾಕಿ ಎಳೀತಿದಾನೆ, ಪಾಪಿ ಹಿಂದಕ್ಕೆ ಜಗ್ತಿದಾನೆ. ಅಂದ್ರೆ ನರಕ ಅಂದ್ರೆ ನಮ್ಮನ್ನ ಎಳ್ಕೊಂಡು ಹೋಗೋ ಜಾಗ, ಬೇಡ ಬೇಡ ಅಂದ್ರೂ ಬಿಡದೆ ಒಯ್ಯೋ ಜಾಗ ಅಂತ ನನ್ನ ತಲೇಲಿ ಕೂತ್ಬಿಟ್ಟಿತ್ತು.

ಎಷ್ಟೋ ವರ್ಷ ಆದ್ಮೇಲೆ ಡಾಂಟೆಯ ಇನ್ಫೆರ್ನೊ ಓದೋಕೆ ಕೂತೆ, ಅಂದ್ರೆ ನರಕ, ಕವಿ ತಾನೇ ನರಕದೊಳಗೆ ನಡ್ಕೊಂಡು ಹೋಗಿ ನೋಡಿದ ಹಾಗೆ ಬರೆದಿರೋ ಕಾವ್ಯ. ಮೂರನೇ ಸರ್ಗ. ನರಕದ ಬಾಗಿಲು ದಾಟಿದ ಮೇಲೆ ಒಂದು ನದಿ ಬರುತ್ತೆ, ಅಕೆರಾನ್ ಅಂತ, ನಮ್ಮ ವೈತರಣಿ ಇದ್ದ ಹಾಗೆ. ಕೇರಾನ್ ಅನ್ನೋ ಮುದುಕ ದೋಣಿ ನಡೆಸ್ತಾನೆ, ಕಣ್ಣು ಸುತ್ತ ಬೆಂಕಿ ಚಕ್ರ. ದಡದಲ್ಲಿ ಸತ್ತೋರ ಗುಂಪು, ದೇವರನ್ನ ಬೈತಿದಾರೆ, ಹೆತ್ತೋರನ್ನ ಬೈತಿದಾರೆ, ತಾವು ಹುಟ್ಟಿದ ಗಳಿಗೆ, ಹುಟ್ಟಿದ ಜಾಗ ಎಲ್ಲವನ್ನೂ ಶಪಿಸ್ತಿದಾರೆ. ಇಷ್ಟು ನಾನು ನಿರೀಕ್ಷೆ ಮಾಡಿದ್ದೇ. ಆದ್ರೆ ಇವರನ್ನ ದೂರದಿಂದ ನೋಡಿದಾಗಲೇ ಡಾಂಟೆ ತನ್ನ ಗುರು ವರ್ಜಿಲ್‌ನ, ದಾರಿ ತೋರಿಸ್ತಿರೋ ಹಳೇ ರೋಮನ್ ಕವಿ ಅವನು, ಕೇಳಿರ್ತಾನೆ, ಇವರಿಗೆ ದಾಟೋಕೆ ಯಾಕಿಷ್ಟು ಅವಸರ ಅಂತ. ಅದಕ್ಕೆ ವರ್ಜಿಲ್ ಕೊಡೋ ಉತ್ತರ ಏನಂದ್ರೆ, ದೈವದ ನ್ಯಾಯ ಇವರನ್ನ ಚುಚ್ಚಿ ಓಡಿಸ್ತಿದೆ, ಎಷ್ಟರ ಮಟ್ಟಿಗೆ ಅಂದ್ರೆ ಇವರ ಭಯವೇ ಆಸೆ ಆಗ್ಬಿಟ್ಟಿದೆ.

ಭಯವೇ ಆಸೆ ಆಗ್ಬಿಟ್ಟಿದೆ. ನಾನು ಪುಸ್ತಕ ಮುಚ್ಚಿಟ್ಟೆ ಆವತ್ತು. ಜಾತ್ರೆ ಪಟದ ಯಮದೂತ ಇಲ್ಲಿ ಬೇಕಾಗೇ ಇಲ್ಲ, ಯಾರೂ ಹಗ್ಗ ಹಾಕಿ ಎಳೀತಿಲ್ಲ, ಒಬ್ಬೊಬ್ಬರೇ ಶರತ್ಕಾಲದಲ್ಲಿ ಎಲೆ ಉದುರಿದ ಹಾಗೆ ದೋಣಿಗೆ ಬೀಳ್ತಾರೆ ಅಂತಾನೆ ಡಾಂಟೆ, ತಾವಾಗಿ. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಇದೊಂದೇ ವಿಷಯ, ಮಿಕ್ಕಿದ್ದೆಲ್ಲ ಇದರ ಸುತ್ತಾನೇ.

ಡಾಂಟೆ ಯಾರು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಇಟಲಿಯ ಫ್ಲಾರೆನ್ಸ್‌ನಲ್ಲಿ 1265ರಲ್ಲಿ ಹುಟ್ಟಿದ. ಊರ ರಾಜಕೀಯದಲ್ಲಿ ಇದ್ದ, ಪಕ್ಷ ಒಡೀತು, ಇವನ ಕಡೆಯೋರು ಸೋತ್ರು, 1302ರಲ್ಲಿ ಗಡೀಪಾರು, ಅಷ್ಟೇ ಅಲ್ಲ, ಕೈಗೆ ಸಿಕ್ಕಿದ್ರೆ ಜೀವಂತ ಸುಡಿ ಅಂತ ತೀರ್ಪು. ಮತ್ತೆ ಊರಿಗೆ ಹೋಗೋಕೆ ಆಗ್ಲೇ ಇಲ್ಲ. 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಈ ಅಲೆದಾಟದಲ್ಲೇ ಕಾವ್ಯ ಬರೆದಿದ್ದು, ನೂರು ಸರ್ಗ, ನರಕ, ಶುದ್ಧಿಲೋಕ (ಪಶ್ಚಾತ್ತಾಪ ಪಟ್ಟೋರು ಸ್ವರ್ಗಕ್ಕೆ ಹೋಗೋ ಮುಂಚೆ ಪಾಪ ತೊಳ್ಕೊಳೋ ಜಾಗ), ಸ್ವರ್ಗ ಅಂತ ಮೂರು ಭಾಗ, ನರಕಕ್ಕೆ 34. ಕಥೆ ನಡೆಯೋದು 1300ರ ಈಸ್ಟರ್ ವಾರದಲ್ಲಿ. ಪಂಡಿತರ ಲ್ಯಾಟಿನ್‌ನಲ್ಲಿ ಬರೀದೆ ತನ್ನೂರ ಆಡುಮಾತಲ್ಲಿ ಬರೆದ, ನಮಗೆ ಇದು ವಿಶೇಷ ಅನ್ಸಲ್ಲ, ಯಾಕಂದ್ರೆ ಅದಕ್ಕಿಂತ ನೂರೈವತ್ತು ವರ್ಷ ಮುಂಚೆನೇ ನಮ್ಮ ಶರಣರು ಆ ಕೆಲಸ ಮಾಡಿದ್ರು. ಇವನು ಇಟ್ಟ ಹೆಸರು ಬರೀ ಕಾಮೆಡಿ, ಡಿವೈನ್ ಅನ್ನೋದು ಶೀರ್ಷಿಕೆಗೆ ಅಂಟಿಕೊಂಡಿದ್ದು ಎರಡು ಶತಮಾನಕ್ಕೂ ಜಾಸ್ತಿ ಆದ್ಮೇಲೆ.

ನರಕದ ಬಾಗಿಲ ಮೇಲಿನ ಬರಹ ಎಲ್ಲರಿಗೂ ಗೊತ್ತು, ಒಳಗೆ ಬರೋರೇ ಆಸೆ ಎಲ್ಲ ಬಿಟ್ಟುಬಿಡಿ ಅಂತ. ಆದ್ರೆ ಅದು ಒಂಬತ್ತು ಸಾಲಿನ ಬರಹದ ಕೊನೇ ಸಾಲು ಅಷ್ಟೆ. ಅದಕ್ಕೆ ಮುಂಚೆ ಬಾಗಿಲು ತನ್ನ ಬಗ್ಗೆ ತಾನೇ ಹೇಳ್ಕೊಳುತ್ತೆ, ನನ್ನನ್ನ ಕಟ್ಟಿದ್ದು ದೈವಶಕ್ತಿ, ಪರಮ ಜ್ಞಾನ, ಮತ್ತೆ ಆದಿ ಪ್ರೇಮ. ಪ್ರೇಮ ಕಟ್ಟಿದ ನರಕ! ಇದೆಂಥ ಪ್ರೇಮ ಅಂತ ಸಿಟ್ಟು ಬರುತ್ತೆ, ನಂಗೂ ಬಂತು. ನಿಧಾನವಾಗಿ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ: ಪ್ರೀತಿ ಅಂದಮೇಲೆ ಬೇಡ ಅನ್ನೋ ಸ್ವಾತಂತ್ರ್ಯ ಕೊಡ್ಲೇಬೇಕು, ಬೇಡ ಅಂದೋನಿಗೂ ಒಂದು ಜಾಗ ಇರ್ಲೇಬೇಕು. ಆ ಜಾಗದ ಹೆಸರು ನರಕ. ಸತ್ತ ಮೇಲೆ ಮನಸ್ಸು ಮತ್ತೆ ತಿರುಗಲ್ಲ, ಯಾವ ಕಡೆ ಮುಖ ಮಾಡ್ಕೊಂಡು ಸತ್ಯೋ ಆ ಕಡೆಗೇ ಗಟ್ಟಿಯಾಗುತ್ತೆ ಅನ್ನೋದು ಆ ಕಾಲದ ಕ್ರೈಸ್ತ ತಿಳುವಳಿಕೆ, ಥಾಮಸ್ ಅಕ್ವಿನಾಸ್ ಅನ್ನೋ ದೊಡ್ಡ ಧರ್ಮಪಂಡಿತ ಅದನ್ನೇ ವಾದ ಮಾಡಿ ಹೇಳಿದಾನೆ. ಡಾಂಟೆ ಆ ವಾದಕ್ಕೆ ಮುಖ, ದನಿ, ವಾಸನೆ ಕೊಟ್ಟ. ನೀವು ನರಕದ 34 ಸರ್ಗ ಓದಿ, ಕಿರುಚೋರು ಸಿಗ್ತಾರೆ, ಬೈಯೋರು ಸಿಗ್ತಾರೆ, ಕಥೆ ಹೇಳೋರು ಬೇಕಾದಷ್ಟು ಜನ, ಆದ್ರೆ ದೇವರೇ ನನ್ನಿಂದ ತಪ್ಪಾಯ್ತು, ಕ್ಷಮಿಸು ಅಂತ ಕೈ ಮುಗಿದೋರು ಒಬ್ಬರೂ ಸಿಗಲ್ಲ.

ಇನ್ನು ಶಿಕ್ಷೆಗಳ ವಿಷಯ. ಇಪ್ಪತ್ತೆಂಟನೇ ಸರ್ಗದಲ್ಲಿ ಒಬ್ಬ ಬರ್ತಾನೆ, ಬೆರ್ಟ್ರಾನ್ ದ ಬಾರ್ನ್ ಅಂತ, ಕವಿ, ಇಂಗ್ಲೆಂಡಿನ ರಾಜನಿಗೂ ಅವನ ಮಗನಿಗೂ ತಂದಿಟ್ಟೋನು. ತನ್ನದೇ ರುಂಡವನ್ನ ಕೂದಲು ಹಿಡಿದು ಲಾಟೀನಿನ ಹಾಗೆ ತೂಗಾಡಿಸ್ಕೊಂಡು ಬರ್ತಾನೆ, ತಂದೆ ಮಗನನ್ನ ಬೇರೆ ಮಾಡಿದೆ, ಅದಕ್ಕೆ ನನ್ನ ತಲೆ ಮೈಯಿಂದ ಬೇರೆ ಆಯ್ತು, ನೋಡು, ಕೊಂತ್ರಪಾಸ್ಸೊ ಅಂದ್ರೆ ಇದು ಅಂತಾನೆ. ಇಡೀ ಕಾವ್ಯದಲ್ಲಿ ಆ ಪದ ಬರೋದು ಅಲ್ಲೊಂದೇ ಕಡೆ. ನಮ್ಮಲ್ಲಿ ಇದಕ್ಕೆ ಅಜ್ಜಿ ಕಾಲದ ಮಾತಿದೆ, ಮಾಡಿದ್ದುಣ್ಣೋ ಮಾರಾಯ. ನಂಗೆ ನಮ್ಮ ಗಾದೆನೇ ಜಾಸ್ತಿ ಸರಿ ಅನ್ಸುತ್ತೆ, ಯಾಕಂದ್ರೆ ಅದರಲ್ಲಿ ಶಿಕ್ಷೆ ಕೊಡೋನು ಇಲ್ಲ. ನೀನೇ ಮಾಡಿದ ಅಡಿಗೆ, ನೀನೇ ಉಣ್ಣು. ಡಾಂಟೆಯ ನರಕ ಪೂರ್ತಿ ಹಾಗೇ ಇದೆ, ಪಾಪಕ್ಕೆ ಪ್ರತಿಯಾಗಿ ಬೇರೇನೋ ನೋವು ಕೊಡೋದಲ್ಲ, ಅದೇ ಪಾಪವನ್ನ ಸಿಪ್ಪೆ ಸುಲಿದು ಒಳಗಿರೋದನ್ನ ತೋರ್ಸೋದು. ಬೂಟಾಟಿಕೆಯೋರು ಹೊರಗೆ ಚಿನ್ನದ ಮೆರುಗು, ಒಳಗೆ ಸೀಸ ಇರೋ ನಿಲುವಂಗಿ ಹೊತ್ಕೊಂಡು ಹೆಜ್ಜೆ ಇಡೋಕಾಗದೆ ನಡೀತಾರೆ, ಬದುಕಿದ್ದಾಗಲೂ ಆ ಭಾರ ಇತ್ತಲ್ವಾ? ಜಿಪುಣರು ಒಂದು ಕಡೆ, ದುಂದುಗಾರರು ಇನ್ನೊಂದು ಕಡೆ, ಎದೆಯಿಂದ ಬಂಡೆ ಉರುಳಿಸ್ಕೊಂಡು ಬಂದು ಡಿಕ್ಕಿ ಹೊಡ್ಕೊಂಡು, ಯಾಕೋ ಬಚ್ಚಿಡ್ತೀಯ, ಯಾಕೋ ಎರಚ್ತೀಯ ಅಂತ ಬೈದ್ಕೊಂಡು ಮತ್ತೆ ತಿರುಗ್ತಾರೆ, ಅವರ ಮುಖ ಗುರುತು ಸಿಗಲ್ಲ ಅಂತಾನೆ, ಹಣದಲ್ಲಿ ಮುಖಾನೇ ಅಳಿಸಿಹೋಗಿದೆ.

ಇದರಲ್ಲಿ ನನ್ನನ್ನ ತುಂಬಾ ಕಾಡೋದು ಏಳನೇ ಸರ್ಗದ ಕೊನೇಲಿ ಬರೋರು. ಸ್ಟಿಕ್ಸ್ ಅನ್ನೋ ಕೆಸರಿನ ಜೌಗು, ಮೇಲೆ ಕೋಪಿಷ್ಠರು ಒಬ್ಬರನ್ನೊಬ್ಬರು ಕಚ್ಚಿ ಹರೀತಿದಾರೆ. ಅದರ ಕೆಳಗೆ ನೀರಲ್ಲಿ ಗುಳ್ಳೆ ಏಳ್ತಿದೆ. ವರ್ಜಿಲ್ ಹೇಳ್ತಾನೆ, ಕೆಳಗೂ ಜನ ಇದಾರೆ, ಗಂಟಲಲ್ಲಿ ಕೆಸರು ತುಂಬ್ಕೊಂಡು ಒಂದು ಹಾಡು ಹೇಳ್ತಿದಾರೆ, ಮಾತು ಪೂರ್ತಿ ಹೊರಗೆ ಬರಲ್ಲ. ಆ ಹಾಡಿನ ಅರ್ಥ, ಬಿಸಿಲಿಗೆ ನಗ್ತಿದ್ದ ಸಿಹಿ ಗಾಳೀಲಿ ನಾವು ಮುಖ ಗಂಟು ಹಾಕ್ಕೊಂಡಿದ್ವಿ, ಒಳಗೆ ಹೊಗೆ ತುಂಬ್ಕೊಂಡಿದ್ವಿ, ಈಗ ಕಪ್ಪು ಕೆಸರಲ್ಲಿ ಮುಖ ಗಂಟು ಹಾಕ್ಕೊಂಡಿದೀವಿ. ಅಷ್ಟೇ ಅವರ ಪಾಪ. ಕೊಲೆ ಇಲ್ಲ, ಕಳ್ಳತನ ಇಲ್ಲ. ಒಳಗೊಳಗೇ ಹೊಗೆಯಾಡ್ತಾ ಕೂತಿದ್ದು. ನಾನು ಎಷ್ಟು ಬೆಳಗ್ಗೆಗಳನ್ನ ಹಾಗೇ ಕಳೆದಿದೀನಿ ಅಂತ ಲೆಕ್ಕ ಹಾಕಿದ್ರೆ ಭಯ ಆಗುತ್ತೆ. ಪಾಪ ಅಂದ್ರೆ ಪಟ್ಟಿ ನೋಡಿ ಟಿಕ್ ಹಾಕೋ ವಿಷಯ ಅಲ್ಲ ಅಂತ ನಂಗೆ ಮೊದಲು ತಟ್ಟಿದ್ದು ಈ ಗುಳ್ಳೆಗಳಿಂದ.

ಈಗ ಫ್ರಾಂಚೆಸ್ಕಾ. ಐದನೇ ಸರ್ಗ, ಎಲ್ಲರಿಗೂ ಇಷ್ಟವಾದ ಸರ್ಗ, ನಾನೂ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ. ಕಾಮದಿಂದ ಕೆಟ್ಟೋರು ಇರೋ ಜಾಗ, ಕತ್ತಲು, ನಿಲ್ಲದ ಬಿರುಗಾಳಿ, ಆ ಗಾಳಿ ಅವರನ್ನ ಮೇಲೆ ಕೆಳಗೆ ಎತ್ತಿ ಎಸೀತಿರುತ್ತೆ, ಬದುಕಿದ್ದಾಗ ಆಸೆ ಕೈಗೆ ಲಗಾಮು ಕೊಟ್ಟಿದ್ರಲ್ಲ, ಹಾಗೆ. ಅದರಲ್ಲಿ ಎರಡು ಜೀವ ಜೊತೆಯಾಗಿ ಹಗುರವಾಗಿ ಬರ್ತವೆ, ಫ್ರಾಂಚೆಸ್ಕಾ, ಪಾವ್ಲೊ. ಆಕೆ ರವೆನ್ನಾದ ಪೊಲೆಂತಾ ಮನೆತನದ ಮಗಳು, ರಿಮಿನಿಯ ಮಲತೆಸ್ತಾ ಮನೆತನಕ್ಕೆ ಕೊಟ್ಟಿದ್ರು, ಪಾವ್ಲೊ ಗಂಡನ ತಮ್ಮ. ಗಂಡ ಇಬ್ಬರನ್ನೂ ಕೊಂದ. ಕಥೆ ಅಲ್ಲ, ಡಾಂಟೆ ಹರೆಯದಲ್ಲಿದ್ದಾಗ ನಿಜವಾಗಿ ನಡೆದಿದ್ದು. ಇನ್ನೊಂದು ವಿಷಯ, ಡಾಂಟೆ ಕೊನೆಗಾಲದಲ್ಲಿ ರವೆನ್ನಾದಲ್ಲಿ ಅನ್ನ ತಿಂದಿದ್ದು ಆಕೆಯ ಅಣ್ಣತಮ್ಮಂದಿರ ಕಡೆಯ ಗ್ವೀದೊ ನೊವೆಲ್ಲೊ ಅನ್ನೋನ ಆಶ್ರಯದಲ್ಲಿ.

ಆಕೆ ಮಾತು ಕೇಳಿದ್ರೆ ಕರಗಿಹೋಗ್ತೀರಿ, ಅಷ್ಟು ಚಂದ. ಮೂರು ತ್ರಿಪದಿ, ಮೂರೂ ಪ್ರೇಮ ಅನ್ನೋ ಪದದಿಂದಾನೇ ಶುರು. ಪ್ರೇಮ ಅವನನ್ನ ಹಿಡೀತು, ಪ್ರೇಮ ನನ್ನನ್ನ ಬಿಡಲಿಲ್ಲ, ಪ್ರೇಮ ನಮ್ಮಿಬ್ಬರನ್ನ ಒಂದೇ ಸಾವಿಗೆ ಒಯ್ತು. ಈಗ ವ್ಯಾಕರಣ ಗಮನಿಸಿ, ಕರ್ತೃ ಯಾರು? ಪ್ರೇಮ. ಆಮೇಲೆ ಡಾಂಟೆ ಕೇಳ್ತಾನೆ, ಶುರು ಹೇಗಾಯ್ತು ಅಂತ. ಆಕೆ ಹೇಳ್ತಾಳೆ, ಒಂದಿನ ನಾವಿಬ್ಬರೂ ಲಾನ್ಸೆಲಾಟ್ ಕಥೆ, ಅಂದ್ರೆ ಆರ್ಥರ್ ರಾಜನ ಯೋಧ ರಾಣಿಯನ್ನೇ ಪ್ರೀತಿಸಿದ ಕಥೆ, ಓದ್ತಿದ್ವಿ, ಅವನು ರಾಣಿಗೆ ಮುತ್ತು ಕೊಡೋ ಜಾಗಕ್ಕೆ ಬಂದಾಗ ಇವನು ನಡುಗ್ತಾ ನನಗೆ ಮುತ್ತು ಕೊಟ್ಟ, ತಲೆಹಿಡುಕನ ಕೆಲಸ ಮಾಡಿದ್ದು ಆ ಪುಸ್ತಕ, ಅದನ್ನ ಬರೆದೋನು, ಆವತ್ತು ಮುಂದಕ್ಕೆ ಓದಲಿಲ್ಲ. ಪ್ರೇಮ ಮಾಡ್ತು, ಪುಸ್ತಕ ಮಾಡ್ತು, ಬರೆದೋನು ಮಾಡ್ದ. ನಾನು ಅನ್ನೋದು ಎಲ್ಲೂ ತಪ್ಪಿನ ಹತ್ರ ಬರಲ್ಲ. ಇನ್ನೂ ಸೂಕ್ಷ್ಮ ಇದೆ, ಆಗ ಓದ್ತಿದ್ದ ಹಳೇ ಫ್ರೆಂಚ್ ಕಥೇಲಿ ಮುತ್ತು ಕೊಡೋದು ರಾಣಿ, ಲಾನ್ಸೆಲಾಟ್ ನಾಚ್ಕೊಂಡು ನಿಂತಿರ್ತಾನೆ. ಫ್ರಾಂಚೆಸ್ಕಾ ಹೇಳೋವಾಗ ಅದು ತಿರುಗುಮುರುಗು ಆಗಿದೆ. ಮುಂದಕ್ಕೆ ಓದಿದ್ರೆ ಆ ಮುತ್ತಿಂದ ಒಂದು ರಾಜ್ಯ ಹೇಗೆ ಹಾಳಾಯ್ತು ಅನ್ನೋದೂ ಅದೇ ಕಥೇಲಿ ಇತ್ತು, ಓದಲಿಲ್ಲ.

ಇಲ್ಲಿ ನಂಗೆ ನಮ್ಮ ಜನ್ನ ನೆನಪಾಗ್ದೆ ಇರಲ್ಲ. ಯಶೋಧರ ಚರಿತೆ, 1209, ಹೊಯ್ಸಳರ ವೀರಬಲ್ಲಾಳನ ಆಸ್ಥಾನ, ಜನ್ನ ಬರೆದು ಮುಗಿಸಿ 56 ವರ್ಷಕ್ಕೆ ಡಾಂಟೆ ಹುಟ್ಟಿದ. ಅಲ್ಲಿ ರಾಣಿ ಅಮೃತಮತಿ ರಾತ್ರಿ ಅರಮನೇಲಿ ಮಲಗಿದ್ದಾಗ ಆನೆ ಮಾವುತ ಅಷ್ಟಾವಂಕನ ಹಾಡು ಕೇಳ್ತಾಳೆ, ಮುಖ ನೋಡೋ ಮುಂಚೆನೇ ಮನಸ್ಸು ಕೊಟ್ಬಿಡ್ತಾಳೆ. ಒಬ್ಬಳಿಗೆ ಓದಿದ ಕಥೆ, ಒಬ್ಬಳಿಗೆ ಕೇಳಿದ ಹಾಡು. ಕೆಳದಿ ಹೋಗಿ ನೋಡ್ಕೊಂಡು ಬಂದು ಅವನ ವಿಕಾರ ರೂಪ ವರ್ಣನೆ ಮಾಡಿದ್ರೆ ಅಮೃತಮತಿ ಅಂತಾಳೆ, ಒಲವಾದೊಡೆ ರೂಪಿನ ಕೋಟಲೆಯೇವುದೊ ಅಂತ. ಎಂಥ ಮಾತು! ಎಲ್ಲಾದ್ರೂ ಬರೆದಿಟ್ಕೊಬೇಕು ಅನ್ಸುತ್ತೆ. ಫ್ರಾಂಚೆಸ್ಕಾ ಮಾತೂ ಹಾಗೇ. ಇಬ್ಬರು ಕವಿಗಳೂ ತಪ್ಪಿಗೆ ತಮ್ಮ ಕಾವ್ಯದ ಅತಿ ಚಂದದ ಸಾಲು ಕೊಟ್ಟಿದಾರೆ, ಯಾಕೆ ಅಂದ್ರೆ ತಪ್ಪು ನಮ್ಮ ಹತ್ರ ಬರೋದೇ ಹಾಗೆ, ಅಸಹ್ಯವಾಗಿ ಬಂದ್ರೆ ಯಾರು ಬಾಗಿಲು ತೆಗೀತಾರೆ?

ಡಾಂಟೆಗೆ ಏನಾಯ್ತು ಗೊತ್ತಾ, ಆಕೆ ಕಥೆ ಕೇಳಿ ಮೂರ್ಛೆ ಹೋದ, ಹೆಣ ಬಿದ್ದ ಹಾಗೆ ಬಿದ್ದ. ಕರುಣೆಯಿಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಕರುಣೆ ಇದ್ದೇ ಇದೆ. ಆದ್ರೆ ಡಾಂಟೆ ಯುವಕನಾಗಿದ್ದಾಗ ಬರೆದಿದ್ದೆಲ್ಲ ಇಂಥದೇ ಪ್ರೇಮಕವಿತೆ, ಪ್ರೇಮ ದೊಡ್ಡ ಮನಸ್ಸಿನಲ್ಲಿ ತಾನಾಗಿ ಹತ್ಕೊಳುತ್ತೆ ಅನ್ನೋ ಧಾಟಿಯದು, ಫ್ರಾಂಚೆಸ್ಕಾ ಬಾಯಲ್ಲಿ ವಾಪಸ್ ಬರ್ತಿರೋದು ಆ ಧಾಟಿನೇ. ಪುಸ್ತಕ ಬರೆದೋನೂ ಪಾಲುದಾರ ಅಂತ ಆಕೆ ಹೇಳಿದ್ದು ಎದುರಿಗೆ ನಿಂತ ಕವಿಯ ಎದೆಗೇ ತಾಗಿದೆ, ಅಂತ ನನ್ನ ಓದು.

ಜನ್ನನ ಕಾವ್ಯದ ಇನ್ನೊಂದು ಭಾಗ ಬಿಡೋಕಾಗಲ್ಲ. ಗಂಡ ಯಶೋಧರ ಹೆಂಡತಿ ವಿಷಯ ಕಣ್ಣಾರೆ ನೋಡ್ತಾನೆ, ಕತ್ತಿ ಎತ್ತಿ ಸುಮ್ಮನಾಗ್ತಾನೆ, ತಾಯಿ ಹತ್ರ ನಿಜ ಹೇಳ್ದೆ ಕೆಟ್ಟ ಕನಸು ಬಿತ್ತು ಅಂತಾನೆ. ತಾಯಿ ಬಲಿ ಕೊಡು ಅಂತಾಳೆ. ಪ್ರಾಣಿ ಕೊಲ್ಲಲ್ಲ ಅಂದ, ಸರಿ, ಹಿಟ್ಟಿನ ಹುಂಜ ಮಾಡಿ ಕಡಿ ಅಂದ್ಳು, ಕಡಿದ. ಅದರೊಳಗೆ ಒಂದು ಬೆಂತರ ಸೇರಿತ್ತು, ಹುಂಜ ಕೂಗಿಬಿಡ್ತು. ಅಷ್ಟಕ್ಕೇ ತಾಯಿ ಮಗ ನವಿಲಾಗಿ, ನಾಯಿಯಾಗಿ, ಇನ್ನೇನೇನೋ ಆಗಿ ಜನ್ಮ ಜನ್ಮ ಕೊಲೆಯಾಗ್ತಾ ಅಲೀತಾರೆ. ಹಿಟ್ಟು ಕಡಿದಿದ್ದಕ್ಕೆ ಇಷ್ಟಾ ಅಂತ ಕಾಲೇಜಲ್ಲಿ ನಾವು ವಾದ ಮಾಡಿದ್ವಿ. ಜೈನರು ಇದನ್ನ ಸಂಕಲ್ಪ ಹಿಂಸೆ ಅಂತಾರೆ. ಕೈ ಹಿಟ್ಟನ್ನ ಕಡೀತು, ಮನಸ್ಸು ಹುಂಜವನ್ನೇ ಕಡೀತು.

ಇದನ್ನ ತಲೇಲಿಟ್ಕೊಂಡು ಡಾಂಟೆಯ ಅಪ್ಪ ಮಗನ ಕಥೆ ಕೇಳಿ. ನನ್ನ ಲೆಕ್ಕದಲ್ಲಿ ಇಡೀ ಕಾವ್ಯದಲ್ಲಿ ಪಾಪ ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ, ಆದ್ರೆ ಅಪ್ಪ ನರಕದ 27ನೇ ಸರ್ಗದಲ್ಲಿ, ಮಗ ಶುದ್ಧಿಲೋಕದ 5ನೇ ಸರ್ಗದಲ್ಲಿ, ನಡುವೆ ಅಷ್ಟು ದೂರ ಇರೋದ್ರಿಂದ ತುಂಬ ಜನ ಜೋಡಿಸಿ ಓದಲ್ಲ.

ಅಪ್ಪ, ಗ್ವೀದೊ ದ ಮೊಂತೆಫೆಲ್ತ್ರೊ, ದೊಡ್ಡ ಸೇನಾಪತಿ, ತಂತ್ರಗಾರ, ಸಿಂಹ ಅಲ್ಲ ನರಿ ಅಂತ ತಾನೇ ಹೇಳ್ಕೋತಾನೆ. ವಯಸ್ಸಾದ ಮೇಲೆ ಎಲ್ಲ ಬಿಟ್ಟು ಫ್ರಾನ್ಸಿಸ್ಕನ್ ಸನ್ಯಾಸಿ ಆದ. ಆಗ ಪೋಪ್ ಎಂಟನೇ ಬೊನಿಫೇಸ್ ಕರೆಸಿ, ಪ್ಯಾಲೆಸ್ತ್ರೀನ ಅನ್ನೋ ಕೋಟೆ ಬೀಳಿಸೋ ಉಪಾಯ ಹೇಳು ಅಂತಾನೆ. ಇವನು ಹಿಂಜರೀತಾನೆ. ಪೋಪ್ ಹೇಳ್ತಾನೆ, ಹೆದರಬೇಡ, ಸ್ವರ್ಗದ ಬೀಗದ ಕೈ ನನ್ನ ಹತ್ರ ಇದೆ, ನೀನು ಮಾಡೋ ಪಾಪಕ್ಕೆ ಈಗಲೇ ಕ್ಷಮೆ ಕೊಟ್ಟಿದೀನಿ. ಗ್ವೀದೊ ಹೇಳಿದ ಉಪಾಯ ಒಂದೇ ಸಾಲು, ಉದ್ದ ಮಾತು ಕೊಡು, ಗಿಡ್ಡ ಮಾಡಿ ನಡೆಸು. ಸತ್ತಾಗ ಸಂತ ಫ್ರಾನ್ಸಿಸ್ ಖುದ್ದಾಗಿ ಕರ್ಕೊಂಡು ಹೋಗೋಕೆ ಬಂದ, ಆದ್ರೆ ಒಬ್ಬ ಕಪ್ಪು ದೂತ ಅಡ್ಡ ಬಂದು, ಇವನು ನನ್ನೋನು, ಪಶ್ಚಾತ್ತಾಪ ಪಡದೋನಿಗೆ ಕ್ಷಮೆ ಇಲ್ಲ, ಒಂದು ತಪ್ಪನ್ನ ಬೇಕು ಅಂತ ಬಯಸ್ತಾನೂ ಅದೇ ಹೊತ್ತಿಗೆ ಅದಕ್ಕೆ ಪಶ್ಚಾತ್ತಾಪಾನೂ ಪಡೋಕೆ ಆಗಲ್ಲ, ಅದು ತರ್ಕಕ್ಕೆ ವಿರುದ್ಧ ಅಂತ ವಾದ ಮಾಡಿ ಎಳ್ಕೊಂಡು ಹೋದ, ನಾನೂ ತರ್ಕಶಾಸ್ತ್ರ ಓದಿದೀನಿ ಅಂತ ನೀನು ಅಂದ್ಕೊಂಡಿರಲಿಲ್ಲ ಅಲ್ವಾ ಅಂತ ಬೇರೆ ಕೇಳ್ತಾನೆ. ಕಾವಿ ಹಾಕಿದ್ದಾಯ್ತು, ಪೋಪ್ ಬಾಯಿಂದಾನೇ ಕ್ಷಮೆ ಸಿಕ್ಕಿದ್ದಾಯ್ತು, ರಸೀದಿ ಎಲ್ಲ ಸರಿ ಇದೆ, ಮನಸ್ಸು ಮಾತ್ರ ತಿರುಗಿರಲಿಲ್ಲ.

ಮಗ ಬ್ವೊನ್‌ಕೊಂತೆ, 1289ರ ಕಂಪಾಲ್ದಿನೊ ಯುದ್ಧದಲ್ಲಿ ಸತ್ತ. ಆ ಯುದ್ಧದಲ್ಲಿ ಡಾಂಟೆ ಕೂಡ ಇದ್ದ, ಎದುರು ಪಕ್ಷದಲ್ಲಿ. ಬ್ವೊನ್‌ಕೊಂತೆಯ ಹೆಣ ಸಿಗಲೇ ಇಲ್ಲ. ಶುದ್ಧಿಲೋಕದಲ್ಲಿ ಡಾಂಟೆ ಕೇಳ್ತಾನೆ, ನಿನ್ನ ಗೋರಿ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಅಂತ. ಅವನು ಹೇಳ್ತಾನೆ, ಗಂಟಲಿಗೆ ಚುಚ್ಚಿತ್ತು, ಕಾಲ್ನಡಿಗೇಲೇ ಓಡ್ದೆ, ನೆಲದ ಮೇಲೆಲ್ಲ ರಕ್ತ, ಆರ್ಕಿಯಾನೊ ಹೊಳೆ ಆರ್ನೊ ನದಿಗೆ ಸೇರೋ ಕಡೆ ಬಂದಾಗ ಕಣ್ಣು ಕತ್ತಲು, ಬಾಯಿಂದ ಮರಿಯಾ ಅನ್ನೋ ಹೆಸರು ಬಂತು, ಅಲ್ಲೇ ಬಿದ್ದೆ. ದೇವದೂತ ನನ್ನನ್ನ ಎತ್ಕೊಂಡ. ನರಕದೋನು ಕೂಗ್ದ, ಒಂದು ಚಿಕ್ಕ ಕಣ್ಣೀರಿಗೋಸ್ಕರ ಇವನನ್ನ ನನ್ನಿಂದ ಕಿತ್ಕೋತೀಯಾ ಅಂತ. ಸಿಟ್ಟಿಗೆ ಅವನು ಮಳೆ ಸುರಿಸಿ ಹೊಳೆ ಉಕ್ಕಿಸಿ ಹೆಣ ಕೊಚ್ಚಿಕೊಂಡು ಹೋದ, ಎದೆ ಮೇಲೆ ಶಿಲುಬೆಯಾಗಿ ಕಟ್ಟಿಕೊಂಡಿದ್ದ ಕೈ ಬಿಚ್ಚಿಹೋಯ್ತು.

ಅಪ್ಪನಿಗೆ ಪೋಪ್ ಕೊಟ್ಟ ಕ್ಷಮೆ ಸಾಲಲಿಲ್ಲ, ಮಗನಿಗೆ ಒಂದು ಹನಿ ಸಾಕಾಯ್ತು. ಇದನ್ನ ಬರೆದೋನು ಯುದ್ಧದಲ್ಲಿ ಇವನ ಶತ್ರು. ನಾನು ಇದನ್ನ ಓದೋವಾಗೆಲ್ಲ ಗಂಟಲು ಕಟ್ಟುತ್ತೆ, ಈಗಲೂ.

ಬೆಂಕಿ ವಿಷಯಕ್ಕೆ ಬರ್ತೀನಿ. ನರಕದ ತಳದಲ್ಲಿ ಬೆಂಕಿ ಇಲ್ಲ. ಬೆಂಕಿ ಮಧ್ಯದಲ್ಲಿದೆ, ತಳ ಪೂರ್ತಿ ಹಿಮ, ಕೊಸೈಟಸ್ ಅನ್ನೋ ಹೆಪ್ಪುಗಟ್ಟಿದ ಸರೋವರ, ನಂಬಿದೋರಿಗೆ ದ್ರೋಹ ಮಾಡಿದೋರು ಅದರೊಳಗೆ ಹೂತಿದಾರೆ. ಇದು ಯುರೋಪಿನೋರಿಗೆ ಆಶ್ಚರ್ಯ, ನಮ್ಮ ಜೈನ ಶಾಸ್ತ್ರ ತಿಳಿದೋರಿಗೆ ಆಗಲ್ಲ. ಅವರ ಲೆಕ್ಕದಲ್ಲಿ ನರಕ ಏಳು, ರತ್ನಪ್ರಭೆಯಿಂದ ಮಹಾತಮಃಪ್ರಭೆವರೆಗೆ, ಮೇಲಿನವು ಸುಡ್ತವೆ, ಕೆಳಕ್ಕೆ ಹೋದ ಹಾಗೆ ಚಳಿ, ತಳದ್ದು ಪೂರ್ತಿ ಶೀತ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದೆ ಎರಡು ಕಡೆಯೋರೂ ತಳದಲ್ಲಿ ಚಳಿ ಇಟ್ಟಿದಾರೆ. ದೊಡ್ಡ ವ್ಯತ್ಯಾಸ ಏನಂದ್ರೆ ಜೈನರ ನರಕದಲ್ಲಿ ಆಯುಷ್ಯ ಮುಗಿದ್ರೆ ಹೊರಗೆ ಬರ್ತಾರೆ, ಎಷ್ಟು ದೀರ್ಘ ಆದ್ರೂ ಮುಗಿಯುತ್ತೆ, ಡಾಂಟೆಯಲ್ಲಿ ಮುಗಿಯಲ್ಲ. ನಂಗೆ ನಮ್ಮ ಕಡೆಯ ಲೆಕ್ಕಾನೇ ಮನಸ್ಸಿಗೆ ಸಮಾಧಾನ.

ಆ ಹಿಮದಲ್ಲಿ ಆಲ್ಬೆರಿಗೊ ಅಂತ ಒಬ್ಬ, ನೆಂಟರನ್ನ ಊಟಕ್ಕೆ ಕರೆದು, ಹಣ್ಣು ತನ್ನಿ ಅಂತ ಸನ್ನೆ ಮಾಡಿ ಕೊಲ್ಲಿಸಿದೋನು. ಡಾಂಟೆ ಕೇಳ್ತಾನೆ, ನೀನು ಆಗಲೇ ಸತ್ಯಾ? ಅದಕ್ಕವನು, ನನ್ನ ಮೈ ಮೇಲೆ ಹೇಗಿದೆಯೋ ನಂಗೆ ಗೊತ್ತಿಲ್ಲ, ಈ ಜಾಗದ ವಿಶೇಷ ಅದು, ದ್ರೋಹ ಮಾಡಿದ ಗಳಿಗೇಲೇ ಜೀವ ಇಲ್ಲಿಗೆ ಬೀಳುತ್ತೆ, ಮೈಯನ್ನ ಒಂದು ಪಿಶಾಚಿ ನಡೆಸ್ಕೊಂಡು ಹೋಗುತ್ತೆ. ಪಕ್ಕದಲ್ಲಿರೋ ಬ್ರಾಂಕಾ ದೋರಿಯಾನ ತೋರಿಸ್ತಾನೆ. ಡಾಂಟೆ ಅಂತಾನೆ, ಸುಳ್ಳು ಹೇಳ್ಬೇಡ, ಅವನು ಸತ್ತಿಲ್ಲ, ಉಣ್ತಾನೆ, ಕುಡೀತಾನೆ, ಮಲಗ್ತಾನೆ, ಬಟ್ಟೆ ಹಾಕ್ಕೋತಾನೆ. ಬ್ರಾಂಕಾ ಆಗ ನಿಜಕ್ಕೂ ಬದುಕಿದ್ದ. ಉಣ್ತಾ ಕುಡೀತಾ ಓಡಾಡ್ತಿರೋನ ಜೀವ ಆಗಲೇ ಹಿಮದಲ್ಲಿದೆ. ಬಸವಣ್ಣ ಇಷ್ಟನ್ನೂ ಎರಡು ಮಾತಲ್ಲಿ ಹೇಳಿದ್ರು, ಆಚಾರವೇ ಸ್ವರ್ಗ, ಅನಾಚಾರವೇ ನರಕ. ಸತ್ತ ಮೇಲೆ ಬರೋ ಊರು ಅಲ್ಲ ಅದು.

ಕಟ್ಟಕಡೆಗೆ ಲೂಸಿಫರ್. ಮೂರು ಮುಖ, ಆರು ಕಣ್ಣು, ಆರರಲ್ಲೂ ನೀರು. ಒಂದು ಮಾತೂ ಆಡಲ್ಲ. ಬಾವಲಿ ರೆಕ್ಕೆ ಬಡೀತಾನೇ ಇದಾನೆ, ಬಹುಶಃ ಹಾರಿಹೋಗೋಕೆ, ಆ ರೆಕ್ಕೆ ಗಾಳಿಗೇ ಸರೋವರ ಹೆಪ್ಪುಗಟ್ಟಿ ಅವನನ್ನ ಎದೆಯ ಮಧ್ಯದವರೆಗೆ ಹಿಡಿದಿಟ್ಟಿದೆ. ಬಡಿಯೋದು ನಿಲ್ಲಿಸಿದ್ರೆ ಹಿಮ ಕರಗುತ್ತೆ. ನಿಲ್ಲಿಸಲ್ಲ.

ಎಲ್ಲವನ್ನೂ ನಾನು ಒಪ್ತೀನಿ ಅಂತಲ್ಲ. ಆತ್ಮಹತ್ಯೆ ಮಾಡ್ಕೊಂಡೋರನ್ನ ಮುಳ್ಳುಮರ ಮಾಡಿ, ಕೊಂಬೆ ಮುರಿದಾಗ ಮಾತ್ರ ರಕ್ತದ ಜೊತೆ ಮಾತು ಬರೋ ಹಾಗೆ ಇಟ್ಟಿದಾನೆ 13ನೇ ಸರ್ಗದಲ್ಲಿ, ಚಿತ್ರ ಅದ್ಭುತ, ಆದ್ರೆ ಅಷ್ಟು ನೊಂದೋರನ್ನ ಅಲ್ಲಿ ಇಡೋದು ನನ್ನಿಂದ ಒಪ್ಪೋಕಾಗಲ್ಲ. ಡಾಂಟೆಗೂ ಪೂರ್ತಿ ನೆಮ್ಮದಿ ಇರಲಿಲ್ಲ ಅನ್ಸುತ್ತೆ, ತಾನೇ ಪ್ರಾಣ ಕಳ್ಕೊಂಡ ರೋಮಿನ ಕೇಟೊನನ್ನ ಮುಂದೆ ಶುದ್ಧಿಲೋಕದ ಕಾವಲಿಗೆ ನಿಲ್ಲಿಸಿದಾನೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದ್ರು, ಎಲ್ಲಾ ಸರಿ, ಆದ್ರೆ ಕ್ರಿಸ್ತನ ಹೆಸರೇ ಕೇಳದ ನಮ್ಮ ತಾತ ಮುತ್ತಾತಂದಿರು ಇವನ ಪ್ರಕಾರ ಎಲ್ಲಿ ಹೋಗ್ತಾರೆ ಅಂತ. ನಾನು ಕೇಳಿದ್ದ ಪ್ರಶ್ನೆನೂ ಇದೇ. ಆಶ್ಚರ್ಯ ಏನಂದ್ರೆ ಡಾಂಟೆ ಕೂಡ ಇದನ್ನೇ ಕೇಳಿದಾನೆ, ಅದೂ ನಮ್ಮ ಕಡೆಯೋನ ಹೆಸರಲ್ಲಿ. ಸ್ವರ್ಗದ 19ನೇ ಸರ್ಗ. ಸಿಂಧೂ ನದಿ ದಡದಲ್ಲಿ ಒಬ್ಬ ಹುಟ್ತಾನೆ, ಅಲ್ಲಿ ಕ್ರಿಸ್ತನ ಬಗ್ಗೆ ಹೇಳೋರು ಇಲ್ಲ, ಓದಿಸೋರು ಇಲ್ಲ, ಬರೆಯೋರು ಇಲ್ಲ. ಅವನು ಬಯಸಿದ್ದೆಲ್ಲ ಒಳ್ಳೇದೇ, ಮಾಡಿದ್ದೆಲ್ಲ ಒಳ್ಳೇದೇ, ಮಾತಲ್ಲಾಗಲಿ ಬಾಳಲ್ಲಾಗಲಿ ಪಾಪ ಇಲ್ಲ. ದೀಕ್ಷೆ ಇಲ್ಲದೆ ಸಾಯ್ತಾನೆ. ಅವನನ್ನ ದೂರ ಇಡೋ ನ್ಯಾಯ ಎಲ್ಲಿದೆ, ಅವನ ತಪ್ಪೇನು? ನ್ಯಾಯವಂತರ ಜೀವಗಳೇ ಸೇರಿ ಆದ ಹದ್ದಿನ ಬಾಯಲ್ಲಿ ಉತ್ತರ ಬರುತ್ತೆ. ಮೊದಲು ಗದರಿಸುತ್ತೆ, ಒಂದು ಗೇಣು ನೋಟ ಇಟ್ಕೊಂಡು ಸಾವಿರ ಮೈಲಿ ದೂರದ್ದಕ್ಕೆ ತೀರ್ಪು ಕೊಡ್ತೀಯಾ ಅಂತ. ಕ್ರಿಸ್ತನನ್ನ ನಂಬದೋರು ಯಾರೂ ಇಲ್ಲಿಗೆ ಬಂದಿಲ್ಲ ಅಂತಾನೂ ಹೇಳುತ್ತೆ. ಅದರ ಬೆನ್ನಿಗೇ ಹೇಳುತ್ತೆ, ಕ್ರಿಸ್ತ ಕ್ರಿಸ್ತ ಅಂತ ಕೂಗೋ ಎಷ್ಟೋ ಜನ ಕೊನೇ ದಿನ ಅವನ ಹೆಸರೇ ತಿಳಿಯದೋರಿಗಿಂತ ಅವನಿಂದ ದೂರ ಇರ್ತಾರೆ. ಮುಂದಿನ ಸರ್ಗದಲ್ಲಿ ನೋಡಿದ್ರೆ ಆ ಹದ್ದಿನ ಹುಬ್ಬಿನ ಮೇಲೆ ಟ್ರಾಯ್ ಊರಿನ ರಿಫಿಯಸ್ ಇದಾನೆ, ಕ್ರಿಸ್ತ ಹುಟ್ಟೋಕೆ ಸಾವಿರ ವರ್ಷಕ್ಕೂ ಮುಂಚಿನೋನು. ಅವನಿಗೆ ನಂಬಿಕೆ ಮುಂಚೆನೇ ಕಾಣಿಸ್ತು ಅಂತ ಕವಿ ದಾರಿ ಮಾಡಿಕೊಟ್ಟಿದಾನೆ. ಸಿಂಧೂ ದಡದೋನು ಎಲ್ಲಿದಾನೆ ಅಂತ ಮಾತ್ರ ಕಾವ್ಯ ಕೊನೇವರೆಗೂ ಹೇಳಲ್ಲ. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ರು, ಆಮೇಲೆ ಆ ಸಾಲು ಇನ್ನೊಂದು ಸಲ ಓದಿ ಅಂದ್ರು, ಓದಿದೆ.